ಹೂವಿನ ಹಿಂದೆ ಊರೂ ಕಾಣಲಿ

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಗ್ಗೆ ಫೋಟೋ ವಾಕ್ ಇದೆ. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಿಗಾದರೂ ತೂಕಡಿಕೆ ಬಂದರೂ ಪರವಾಗಿಲ್ಲ. ನಾಳೆ ನೀವು ತೆಗೆಯುವ ಹೂವಿನ ಫೋಟೋದಲ್ಲಿ ನಿಮ್ಮ ಊರೂ ಕಾಣಬೇಕು.

ವಸಂತ ಬಂತು ಅಂದರೆ ಕ್ಯಾಮೆರಾ ಇರುವವರೆಲ್ಲ ಹೂವಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಪೂರ್ತಿ ತೆರೆಯುತ್ತಾರೆ. ಫೋನ್ ಆದರೆ ಪೋರ್ಟ್ರೇಟ್ ಮೋಡ್ ಹಾಕುತ್ತಾರೆ. ಹಿಂದಿರುವುದೆಲ್ಲ ಮಬ್ಬಾಗಿ, ಹೂವೊಂದೇ ಉಳಿಯುತ್ತದೆ. ನೋಡೋಕೆ ಚೆನ್ನಾಗೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಎಲ್ಲಿಯ ಫೋಟೋ? ಭೂಮಿಯ ಮೇಲಿನ ಯಾವ ಊರಿನದಾದರೂ ಆಗಬಹುದು. ಐದು ವರ್ಷ ಬಿಟ್ಟು ನೋಡಿದರೆ ತೆಗೆದವರಿಗೇ ಅದು ಯಾವ ಬೀದಿಯ ಮರ ಅಂತ ಗೊತ್ತಾಗುವುದಿಲ್ಲ. ಅಷ್ಟಕ್ಕೇ ಆದರೆ ಒಂದು ಹೂಕುಂಡ ಸಾಕು, ಬೆಳಗ್ಗೆ ಎದ್ದು ಊರು ಸುತ್ತುವ ಕಷ್ಟ ಯಾಕೆ?

ಇನ್ನೊಂದು ಗೊಣಗಾಟ ಇದೆ. "ನಮ್ಮೂರಲ್ಲಿ ತೆಗೆಯೋಕೆ ಏನಿದೆ?" ಅನ್ನುವುದು. ಇದನ್ನು ಎಲ್ಲ ಊರಿನವರೂ ಹೇಳುತ್ತಾರೆ. ಪ್ರವಾಸಿಗರು ದೂರದಿಂದ ಬಂದು ನೋಡುವ ಊರಿನವರೂ ಹೇಳುತ್ತಾರೆ. ಇವರಿಗೆ ನಾನು ಫೋಟೋಗ್ರಫಿಯ ಮೊದಲ ದಿನಗಳನ್ನು ನೆನಪು ಮಾಡುತ್ತೇನೆ. ಕ್ಯಾಮೆರಾದಿಂದ ತೆಗೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಫೋಟೋ 1826 ಅಥವಾ 1827ರದು. ಫ್ರಾನ್ಸಿನ ನೀಪ್ಸ್ ತಮ್ಮ ಮನೆಯ ಮೇಲಿನ ಕಿಟಕಿಯಿಂದ ತೆಗೆದದ್ದು. ಅದರಲ್ಲಿರುವುದು ಗೋಡೆ, ಚಾವಣಿ, ಒಂದಿಷ್ಟು ಆಕಾಶ. ಇಂಗ್ಲೆಂಡಿನ ಟಾಲ್ಬಟ್ 1835ರಲ್ಲಿ ತೆಗೆದ ಪುಟ್ಟ ನೆಗೆಟಿವ್ ಇವತ್ತಿಗೂ ಇದೆ. ಅದೂ ಅವರ ಮನೆಯ ಕಿಟಕಿಯದೇ. ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ರಸ್ತೆಯೊಂದನ್ನು ಮೇಲಿನ ಕಿಟಕಿಯಿಂದ ತೆಗೆದರು. ಎಕ್ಸ್‌ಪೋಷರ್‌ಗೆ ನಿಮಿಷಗಟ್ಟಲೆ ಬೇಕಿತ್ತು. ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯವಾದವು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಮಾತ್ರ ಉಳಿದ. ಜಗತ್ತಿನಲ್ಲಿ ಅದುವರೆಗೆ ಯಾವುದರ ಫೋಟೋವೂ ಇರಲಿಲ್ಲ. ಏನನ್ನು ಬೇಕಾದರೂ ಮೊದಲಿಗರಾಗಿ ತೆಗೆಯಬಹುದಿತ್ತು. ಆದರೂ ಮೂವರೂ ಕಿಟಕಿ ಆಚೆಗೋ ಕಿಟಕಿ ಕಡೆಗೋ ಕ್ಯಾಮೆರಾ ಇಟ್ಟರು. ಆ ಭಾರದ ಪೆಟ್ಟಿಗೆ, ಆ ರಾಸಾಯನಿಕಗಳ ಮಧ್ಯೆ ಬೇರೆ ದಾರಿಯೂ ಜಾಸ್ತಿ ಇರಲಿಲ್ಲ ಅನ್ನಿ.

ಆಮೇಲಿನವರಿಗೆ ದಾರಿ ಇತ್ತು, ಆದರೂ ಕೆಲವರು ಊರು ಬಿಡಲಿಲ್ಲ. ಯುಜೀನ್ ಅಟ್ಜೆ ಮೂವತ್ತು ವರ್ಷದಷ್ಟು ಕಾಲ ಪ್ಯಾರಿಸ್ ಮತ್ತು ಅದರ ಸುತ್ತಮುತ್ತ, 18×24 ಸೆಂಟಿಮೀಟರ್ ಗಾಜಿನ ಪ್ಲೇಟು ಹಿಡಿಸುವ ಮರದ ಕ್ಯಾಮೆರಾ ಹೊತ್ತು ತಿರುಗಿದರು. ಅವರು ಹವ್ಯಾಸಿ ಅಲ್ಲ, ಹೊಟ್ಟೆಪಾಡಿಗೆ ಫೋಟೋ ಮಾರುತ್ತಿದ್ದವರು. ಆದರೆ ಹವ್ಯಾಸಿಗಳು ಕಲಿಯಬೇಕಾದ ಒಂದು ಅಭ್ಯಾಸ ಅವರಲ್ಲಿತ್ತು. ಸ್ಯಾಂ-ಕ್ಲೂ ಉದ್ಯಾನದಂಥ ಕಡೆ ಅದದೇ ಜಾಗಕ್ಕೆ ವರ್ಷಗಳ ಮೇಲೆ ಮತ್ತೆ ಹೋಗುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಯೋಸೆಫ್ ಸೂಡೆಕ್ ಪ್ರಾಗ್ ನಗರವನ್ನೇ ತೆಗೆದರು. 1940ರಿಂದ ಹಲವು ವರ್ಷ ತಮ್ಮ ಸ್ಟುಡಿಯೋ ಕಿಟಕಿಯ ಗಾಜನ್ನೂ ಅದರಾಚೆಯ ಒಂದು ಸೊಟ್ಟ ಮರವನ್ನೂ ತೆಗೆದರು. ಎಲೆ ಇಲ್ಲದಾಗ ತೆಗೆದರು, ಹೂ ಬಿಟ್ಟಾಗ ತೆಗೆದರು.

ಸೂಡೆಕ್ ಅವರ ಕಿಟಕಿ ಅಲುಗುತ್ತಿರಲಿಲ್ಲ, ಮರ ಬದಲಾಗುತ್ತಿತ್ತು. ವಸಂತದ ನಡಿಗೆಯಲ್ಲೂ ಇಷ್ಟೇ ಇರುವುದು. ಗೋಡೆ, ಕಂಬ, ಮೆಟ್ಟಿಲು, ಬಸ್ ನಿಲ್ದಾಣ ವರ್ಷವಿಡೀ ಹಾಗೇ ಇರುತ್ತವೆ. ಅದಕ್ಕೇ ನಮಗೆ ಅವು ಕಾಣುವುದೇ ಇಲ್ಲ. ಅವುಗಳ ಪಕ್ಕದ ಕೊಂಬೆ ಮಾತ್ರ ಎರಡೇ ವಾರದಲ್ಲಿ ಬೇರೆ ಆಗಿಬಿಡುತ್ತದೆ. ಈ ಎರಡನ್ನೂ ಒಂದೇ ಫ್ರೇಮಿಗೆ ತನ್ನಿ. ಇನ್ನೂ ಎಲೆ ಬಿಡದ ಮರ ನಿಮ್ಮ ದಾರಿಯಲ್ಲಿದ್ದರೆ ಮೊದಲು ಅದರ ಹತ್ತಿರ ಹೋಗಿ. ಅದರ ಹಿಂದಿನ ಕಟ್ಟಡ ಈಗ ಪೂರ್ತಿ ಕಾಣುತ್ತದೆ. ತುಂಬಾ ಎಲೆ ಬಂದಮೇಲೆ ಆ ಕಟ್ಟಡ ತಿಂಗಳುಗಟ್ಟಲೆ ಸಿಗುವುದಿಲ್ಲ.

ಈಗ ಬೆಳಕಿಗೆ ಬರೋಣ. ಬೆಳಗಿನ ಬೆಳಕು ಚಂದ ಅಂತ ಎಲ್ಲರೂ ಹೇಳುತ್ತಾರೆ. ಸೂರ್ಯ ದಿಗಂತದಲ್ಲಿದ್ದಾಗ ಅದರ ಬೆಳಕು, ನೆತ್ತಿಯ ಮೇಲಿದ್ದಾಗಿಗಿಂತ ಸುಮಾರು 38 ಪಟ್ಟು ಜಾಸ್ತಿ ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗುತ್ತದೆ, ಕೆಂಪು ಹಳದಿ ಉಳಿಯುತ್ತವೆ. ಇದು ಎಲ್ಲ ಕಾಲಕ್ಕೂ ನಿಜ. ವಸಂತದಲ್ಲಿ ಸಿಗುವ ಒಂದು ವಿಷಯ ಬೇರೆ ಇದೆ, ಅದನ್ನು ಯಾರೂ ಜಾಸ್ತಿ ಬಳಸಿಕೊಳ್ಳುವುದಿಲ್ಲ. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಆಗುತ್ತವೆ. ಆ ದಿನಗಳಲ್ಲಿ ನೀವು ಯಾವ ದೇಶದಲ್ಲೇ ಇರಿ, ಸೂರ್ಯ ಬಹುತೇಕ ನೇರ ಪೂರ್ವಕ್ಕೆ ಹುಟ್ಟಿ ನೇರ ಪಶ್ಚಿಮಕ್ಕೆ ಮುಳುಗುತ್ತದೆ. ಭೂಮಿಯ ದಕ್ಷಿಣಾರ್ಧದವರಿಗೆ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಅಲ್ಲೂ ಇದೇ ಕಥೆ.

ಅಂದರೆ ಏನಾಯಿತು? ನಿಮ್ಮ ಊರಿನಲ್ಲಿ ಪೂರ್ವ ಪಶ್ಚಿಮವಾಗಿ ನೇರಕ್ಕೆ ಹೋಗುವ ಬೀದಿ ಇದ್ದರೆ, ಈ ದಿನಗಳಲ್ಲಿ ಬಿಸಿಲು ಬೀದಿಯ ಉದ್ದಕ್ಕೂ ಮಲಗಿಕೊಂಡು ಬರುತ್ತದೆ. ಎರಡೂ ಬದಿಯ ಗೋಡೆಗಳ ಮೇಲೆ ಸವರಿಕೊಂಡು ಹೋಗುತ್ತದೆ. ಸುಣ್ಣದ ಒರಟು, ಇಟ್ಟಿಗೆಯ ಸಂದು, ಕಿಟಕಿ ಸರಳು ಎಲ್ಲದಕ್ಕೂ ನೆರಳು ಹುಟ್ಟುತ್ತದೆ. ಬೀದಿ ಓರೆಯಾಗಿದ್ದರೆ ದಿನ ಬದಲಾಗುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀದಿಗಳು ನೇರ ಪೂರ್ವ ಪಶ್ಚಿಮದಿಂದ ಸುಮಾರು 29 ಡಿಗ್ರಿ ಓರೆ. ಅದಕ್ಕೇ ಅಲ್ಲಿ ಬೀದಿಯ ತುದಿಗೆ ಸರಿಯಾಗಿ ಸೂರ್ಯ ಮುಳುಗುವುದು ಮೇ ಕೊನೆಯಲ್ಲಿ, ಮತ್ತೆ ಜುಲೈ ಮಧ್ಯದಲ್ಲಿ. ಅವತ್ತು ಜನ ರಸ್ತೆ ಮಧ್ಯ ನಿಂತು ಫೋಟೋ ತೆಗೆಯುತ್ತಾರೆ. ನಿಮ್ಮ ಬೀದಿಗೂ ಅಂಥ ದಿನ ಇರಬಹುದು. ಇವತ್ತು ರಾತ್ರಿ ಫೋನಿನಲ್ಲಿ ಮ್ಯಾಪ್ ತೆಗೆದು, ಯಾವ ಬೀದಿ ಯಾವ ದಿಕ್ಕಿಗಿದೆ ಅಂತ ಸುಮ್ನೆ ಒಮ್ಮೆ ನೋಡಿಕೊಳ್ಳಿ. ದುಬಾರಿ ಲೆನ್ಸ್ ಕೊಳ್ಳುವುದಕ್ಕಿಂತ ಇದರಿಂದ ಲಾಭ ಜಾಸ್ತಿ.

ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ನಡೆದರೆ ಬೆಳಕು ಎದುರಿಗೆ ಬರುತ್ತದೆ. ತುಂಬಾ ಜನ ಇದಕ್ಕೆ ಹೆದರುತ್ತಾರೆ. ಹೆದರಬೇಡಿ, ಎಳೆ ಎಲೆಗೆ ಬೇಕಾದದ್ದೇ ಅದು. ಎಲೆಯ ಮೇಲೆ ಬಿದ್ದು ವಾಪಸ್ ಬರುವ ಬೆಳಕಿನಲ್ಲಿ ಹೊಳಪು ಜಾಸ್ತಿ, ಬಣ್ಣ ಕಡಿಮೆ. ಎಲೆಯನ್ನು ದಾಟಿ ಬರುವ ಬೆಳಕಿನಲ್ಲಿ ಬಣ್ಣವೇ ಬಣ್ಣ. ಎಲೆಯೊಳಗಿನ ಕ್ಲೋರೋಫಿಲ್ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಈಚೆಗೆ ಬಿಡುತ್ತದೆ. ಚಿಗುರು ತೆಳ್ಳಗಿರುವುದರಿಂದ ಅದರ ಮೂಲಕ ಬೆಳಕು ಸಲೀಸಾಗಿ ಬರುತ್ತದೆ. ಕೆಲವು ಮರಗಳ ಚಿಗುರು ಕೆಂಪಾಗಿರುತ್ತದೆ. ಅದು ಆಂಥೋಸಯನಿನ್ ಎಂಬ ಬಣ್ಣದಿಂದ. ಎಲೆ ಬಲಿತ ಹಾಗೆ ಆ ಕೆಂಪು ಹೋಗಿ ಹಸಿರಾಗುತ್ತದೆ. ಹಾಗಾಗಿ ಕೆಂಪು ಚಿಗುರನ್ನು ಮುಂದಿನ ವಾರ ತೆಗೆದರಾಯಿತು ಅಂದುಕೊಳ್ಳಬೇಡಿ. ಸೂರ್ಯನಿಗೆ ಎದುರಾಗಿ ನಿಂತು, ಎಲೆಯ ಹಿಂದೆ ನೆರಳಿನಲ್ಲಿರುವ ಗೋಡೆಯೋ ಬಾಗಿಲೋ ಬರುವ ಹಾಗೆ ಅರ್ಧ ಹೆಜ್ಜೆ ಸರಿಯಿರಿ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಎಲೆಗೆ ಹೊಂದಿಸಿ. ಆಗ ಎಲೆ ದೀಪದ ಹಾಗೆ ಉರಿಯುತ್ತದೆ, ಗೋಡೆ ಕಪ್ಪಾಗಿ ಹಿಂದೆ ಉಳಿಯುತ್ತದೆ. ಆದರೂ ಅದು ಯಾರ ಮನೆ ಗೋಡೆ ಅಂತ ಊರಿನವರಿಗೆ ತಿಳಿಯುತ್ತದೆ.

ಹೂವಿನಲ್ಲಿ ಕ್ಯಾಮೆರಾ ಮೋಸ ಹೋಗುವ ಜಾಗ ಎರಡಿವೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಸೇರಿಸಿ ಮಧ್ಯಮ ಬೂದು ಅಂದುಕೊಳ್ಳುತ್ತದೆ. ಬಿಳಿ ಹೂವು ತುಂಬಿದ ಮರವನ್ನು ಫ್ರೇಮಿನ ತುಂಬ ಇಟ್ಟರೆ ಬಿಳಿ ಮಂಕಾಗಿ ಬರುತ್ತದೆ. ಅಲ್ಲಿ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ ಒಂದಕ್ಕೆ ಹಾಕಿ. ಹಳದಿ ಹೂವಿನದು ಬೇರೆ ತಕರಾರು. ಬಿಸಿಲಿನಲ್ಲಿ ಹಳದಿಯ ಕೆಂಪು ಮತ್ತು ಹಸಿರು ಚಾನೆಲ್‌ಗಳು ಮಿತಿ ಮೀರಿಬಿಡುತ್ತವೆ. ಆಗ ದಳದ ಗೆರೆಗಳೆಲ್ಲ ಅಳಿಸಿಹೋಗಿ ಬರೀ ಹಳದಿ ಬಣ್ಣ ಬಳಿದ ಹಾಗಿರುತ್ತದೆ. ಅಲ್ಲಿ ಎಕ್ಸ್‌ಪೋಷರ್ ತುಸು ಇಳಿಸಬೇಕು. ಫೋಟೋದ ಬೆಳಕನ್ನು ಗ್ರಾಫ್ ಆಗಿ ತೋರಿಸುವ ಬಿಳಿ ಹಿಸ್ಟೋಗ್ರಾಮ್ ಒಂದನ್ನೇ ನೋಡಿದರೆ ಇದು ಗೊತ್ತಾಗದೇ ಇರಬಹುದು. ಬಣ್ಣಕ್ಕೊಂದರಂತೆ ತೋರಿಸುವ ಹಿಸ್ಟೋಗ್ರಾಮ್ ಇದ್ದರೆ ಅದನ್ನು ಆನ್ ಮಾಡಿಕೊಳ್ಳಿ.

ಈಗ ಮೊದಲು ಹೇಳಿದ ಮಾತು. ಹೂವೂ ಬೇಕು, ಊರೂ ಬೇಕು. ಹೇಗೆ? ಫೋನ್ ಇರುವವರು ಈ ವಿಷಯದಲ್ಲಿ ಪುಣ್ಯವಂತರು. ಫೋನಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುತ್ತದೆ, ಹಿಂದಿನದು ಅಷ್ಟಾಗಿ ಮಬ್ಬಾಗುವುದಿಲ್ಲ. ಪೋರ್ಟ್ರೇಟ್ ಮೋಡ್ ಹಾಕದೇ ಇದ್ದರೆ ಸಾಕು. ಕ್ಯಾಮೆರಾದವರು ಅಗಲದ ಲೆನ್ಸ್ ಹಾಕಿ, ಅಪರ್ಚರ್ ಚಿಕ್ಕದು ಮಾಡಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ, ಕ್ಯಾಮೆರಾಕ್ಕೆ 24 ಮಿಲಿಮೀಟರ್ ಲೆನ್ಸ್, ಅಪರ್ಚರ್ ಎಫ್/11, ಫೋಕಸ್ 1.8 ಮೀಟರ್ ದೂರಕ್ಕೆ ಇಟ್ಟುಕೊಳ್ಳಿ. ಸುಮಾರು 90 ಸೆಂಟಿಮೀಟರ್ ದೂರದ ಕೊಂಬೆಯಿಂದ ಹಿಡಿದು ಬೀದಿಯ ಆ ತುದಿಯವರೆಗೆ ಎಲ್ಲ ಸಾಕಷ್ಟು ಸ್ಪಷ್ಟ ಇರುತ್ತದೆ. ಗಾಳಿಗೆ ಕೊಂಬೆ ಅಲ್ಲಾಡುತ್ತಿದ್ದರೆ ಶಟರ್ 1/500 ಸೆಕೆಂಡಿನ ಹತ್ತಿರ ಬೇಕು. ಅದಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800ಕ್ಕೋ ಇನ್ನೂ ಮೇಲಕ್ಕೋ ಏರಿಸಿ. ಸ್ವಲ್ಪ ಕಾಳು ಕಾಳು ಬಂದರೆ ಬರಲಿ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಹೂವನ್ನೇ ಮಬ್ಬು ಮಾಡುವುದು. ಕೊಂಬೆಯನ್ನು ಲೆನ್ಸಿನ ತೀರಾ ಹತ್ತಿರ ಇಟ್ಟುಕೊಂಡು, ಫೋಕಸ್ ಬೀದಿಯ ಮೇಲೆ ಹಾಕಿ. ಫ್ರೇಮಿನ ಅರ್ಧಕ್ಕೆ ಕೆಂಪೋ ಹಳದಿಯೋ ಬಣ್ಣದ ಮೋಡ ಬರುತ್ತದೆ, ಅದರ ಸಂದಿಯಲ್ಲಿ ಊರು ಸ್ಪಷ್ಟವಾಗಿ ಕಾಣುತ್ತದೆ. ಫೋಟೋಗ್ರಾಫರ್ ಸಾಲ್ ಲೈಟರ್ ಅವರ ಚಿತ್ರಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. 1952ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಅವರು ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನಲ್ಲೇ ಇದ್ದರು. ಮನೆ ಸುತ್ತಲಿನ ಬೀದಿಗಳನ್ನು ಒದ್ದೆ ಗಾಜಿನ ಹಿಂದಿನಿಂದ, ಅಡ್ಡ ಬಂದ ಕೊಡೆಯ ಪಕ್ಕದಿಂದ ತೆಗೆದರು. ಅಡ್ಡ ಬಂದದ್ದನ್ನು ಸರಿಸುವ ಬದಲು ಅದನ್ನೇ ಚಿತ್ರ ಮಾಡಿಕೊಂಡರು. ಮಳೆ, ಹಿಮ ಇಲ್ಲದ ಊರಿನವರಿಗೆ ವಸಂತದಲ್ಲಿ ಅಡ್ಡ ಬರೋಕೆ ಹೂವಿದೆ. ಅಷ್ಟು ಸಾಲದೇ?

ಊರು ಕಾಣಲಿ ಅಂತ ಇಷ್ಟು ಹಟ ಯಾಕೆ ಅಂತ ಕೇಳಬಹುದು. ಫೋಟೋದಲ್ಲಿ ಜಾಗ ಗುರುತು ಸಿಕ್ಕರೆ, ಅದರ ಜೊತೆ ತಾರೀಖೂ ಇದ್ದರೆ, ಅದು ಬೇರೆಯವರಿಗೂ ಕೆಲಸಕ್ಕೆ ಬರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನ ಸ್ಮಶಾನದಲ್ಲಿ 1868ರ ಮೇ 30ರಂದು ತೆಗೆದ ಒಂದು ಫೋಟೋ ಇದೆ. ಅದರಲ್ಲಿ ಹಿಂದಿನ ಮರಗಳಲ್ಲಿ ಎಲೆ ಇಲ್ಲ. 2005ರಲ್ಲಿ ಅದೇ ತಾರೀಖಿನಂದು ಅದೇ ಜಾಗದ ಫೋಟೋ ತೆಗೆದರೆ ಮರಗಳ ತುಂಬ ಎಲೆ. ವಿಜ್ಞಾನಿಗಳಾದ ರಿಚರ್ಡ್ ಪ್ರೈಮ್ಯಾಕ್, ಏಬ್ರಹಾಂ ಮಿಲ್ಲರ್ ರಶಿಂಗ್ ಮತ್ತು ಜೊತೆಗಾರರು ಇಂಥ ತಾರೀಖಿರುವ ಹಳೇ ಫೋಟೋಗಳನ್ನೂ ಒಣಗಿಸಿಟ್ಟ ಗಿಡಗಳ ಮಾದರಿಗಳನ್ನೂ ಸೇರಿಸಿ ನೋಡಿದರು. ಬಿಸಿ ಏರಿದ ಹಾಗೆ ಗಿಡಗಳು ಮುಂಚೆ ಹೂ ಬಿಡುತ್ತಿವೆ ಅಂತ 2006ರಲ್ಲಿ ಬರೆದರು. ಒಂದು ಜೋಡಿ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ, ಒಂದು ವರ್ಷ ಚಳಿ ಜಾಸ್ತಿ ಇರಬಹುದು. ಆದರೆ ಫೋಟೋ ತೆಗೆದವರು ಹಿಂದಿನ ಮರಗಳನ್ನು ಮಬ್ಬು ಮಾಡಿದ್ದರೆ ನೋಡೋಕೆ ಏನೂ ಸಿಗುತ್ತಿರಲಿಲ್ಲ, ಅಲ್ವಾ? ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ಅರಳಿದ ದಿನಗಳ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂವು ಪೂರ್ತಿ ಅರಳಿತು. ಅಲ್ಲಿಯವರೆಗಿನ 1200 ವರ್ಷದ ದಾಖಲೆಯಲ್ಲೇ ಅದು ಅತಿ ಮುಂಚೆ ಆಗಿತ್ತು. ಆ ಹಳೆಯ ದಿನಗಳು ಸಿಕ್ಕಿದ್ದು ದಿನಚರಿ ಬರೆಯುತ್ತಿದ್ದವರಿಂದ. ಹವಾಮಾನಕ್ಕೆಂದು ಅವರು ಬರೆದವರಲ್ಲ, ಹೂವಿನ ಹಬ್ಬಕ್ಕೆ ಹೋಗಿದ್ದೆವು ಅಂತ ಬರೆದಿಟ್ಟವರು.

ಅದಕ್ಕೇ ಇವತ್ತೇ ಕ್ಯಾಮೆರಾದ ಗಡಿಯಾರ ನೋಡಿಕೊಳ್ಳಿ. ಬ್ಯಾಟರಿ ತೆಗೆದಿಟ್ಟ ಹಳೇ ಕ್ಯಾಮೆರಾಗಳಲ್ಲಿ ತಾರೀಖು ಎಲ್ಲಿಗೋ ಹೋಗಿರುತ್ತದೆ. ಫೋನಿನಲ್ಲಿ ತಾರೀಖು, ಜಾಗ ಎರಡೂ ಫೈಲಿನೊಳಗೇ ಸೇರುತ್ತವೆ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಆ ಮಾಹಿತಿ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮೂಲ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಿಮ್ಮ ಮನೆ ಅಂಗಳದ ಹೂವಿನ ಫೋಟೋವನ್ನು ಹಾಗೇ ಎಲ್ಲರಿಗೂ ಹಂಚಿದರೆ ಮನೆ ಎಲ್ಲಿದೆ ಅಂತಲೂ ಹೇಳಿದ ಹಾಗೆ. ಅಲ್ಲಿ ಲೊಕೇಶನ್ ತೆಗೆದುಹಾಕಿ.

ಜನರ ಬಗ್ಗೆ ಎರಡೇ ಮಾತು. ಬೇರೆಯವರ ಕಾಂಪೌಂಡಿನ ಗಿಡ ತೆಗೆಯುವಾಗ ಮನೆಯವರನ್ನು ಕೇಳಿ. ಕೇಳಿದರೆ ಆ ಗಿಡವನ್ನು ಯಾರು ನೆಟ್ಟರು, ಯಾವಾಗ ನೆಟ್ಟರು ಎಲ್ಲ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ. ಫೋಟೋ ಚೆನ್ನಾಗಿ ಬರಲಿ ಅಂತ ಕೊಂಬೆ ಬಗ್ಗಿಸುವುದು, ಹೂವು ಕಿತ್ತು ಇನ್ನೊಂದು ಕಡೆ ಇಡುವುದು ಬೇಡ.

ನಾಳೆ ಒಂದು ಜಾಗ ಆರಿಸಿಕೊಳ್ಳಿ. ನಿಂತ ಕಲ್ಲು ಯಾವುದು, ಫ್ರೇಮಿನ ಎಡ ಅಂಚಿಗೆ ಯಾವ ಕಂಬ ಬಂತು ಅಂತ ಗುರುತು ಮಾಡಿಕೊಳ್ಳಿ. ವಾರ ಬಿಟ್ಟು ಅಲ್ಲೇ ನಿಂತು, ಅದೇ ಹೊತ್ತಿಗೆ, ಅದೇ ಲೆನ್ಸಿನಲ್ಲಿ ಮತ್ತೆ ತೆಗೆಯಿರಿ. ಝೂಮ್ ಮುಟ್ಟಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮುಂದಿನ ಸಭೆಗೆ ತನ್ನಿ. ಹೂವಿನ ಕ್ಲೋಸಪ್ ತಂದವರಿಗೆ ನಾನು ಒಂದೇ ಪ್ರಶ್ನೆ ಕೇಳುವುದು: ಇದು ಎಲ್ಲಿ? ಈಗ ನೀವು ಕೇಳಿ, ಸಮಯ ಇನ್ನೂ ಇದೆ.