ಹಳೆ ಕಾರಿಗೆ ಅದರದೇ ರೇಡಿಯೋ: ವೈರ್ ಜೋಡಿಸುವ ಮೊದಲು ಅರ್ತ್ ನೋಡಿ

[ದೃಶ್ಯ: ಬೆಂಚಿನ ಮೇಲೆ ಹಳೆಯ ಕಾರ್ ರೇಡಿಯೋ, ಅದರ ಬೆನ್ನು ಕ್ಯಾಮೆರಾ ಕಡೆಗೆ]

ನಮಸ್ಕಾರ. ಈ ರೇಡಿಯೋದ ಹಿಂದೆ ಎಷ್ಟು ವೈರ್ ಇದೆ ನೋಡಿ. ಕರೆಂಟಿಗೆ ಒಂದೇ ಒಂದು. ಸ್ಪೀಕರಿಗೆ ಎರಡು, ಏರಿಯಲ್ ಸಿಕ್ಕಿಸುವ ತೂತು ಒಂದು, ಮುಗೀತು. ಈಗಿನ ಸ್ಟೀರಿಯೋಗಳಲ್ಲಿ ಇರುವ ಬಣ್ಣಬಣ್ಣದ ವೈರುಗಳ ಗೊಂಚಲು ಇಲ್ಲಿಲ್ಲ. ಹಾಗಾಗಿ ಇದೇನು ಮಹಾ ಅಂತ ಅನ್ನಿಸುತ್ತದೆ, ಆ ಒಂದು ವೈರನ್ನು ತೆಗೆದುಕೊಂಡು ಹೋಗಿ ಬ್ಯಾಟರಿಗೆ ಮುಟ್ಟಿಸುತ್ತಾರೆ, ಐವತ್ತು ವರ್ಷ ಸುಮ್ನೆ ಬದುಕಿದ್ದ ರೇಡಿಯೋ ಅರ್ಧ ಸೆಕೆಂಡಿನಲ್ಲಿ ಹೊಗೆ ಬಿಡುತ್ತದೆ.

ಕರೆಂಟ್ ಒಳಗೆ ಹೋಗಲು ಒಂದು ದಾರಿ ಇದ್ದರೆ ಹೊರಗೆ ಬರಲು ಇನ್ನೊಂದು ಬೇಕಲ್ವಾ? ಆ ಎರಡನೇ ವೈರ್ ಎಲ್ಲಿದೆ? ಇದೇ, ಈ ತಗಡಿನ ಡಬ್ಬಿ. ರೇಡಿಯೋದ ಮೈಯೇ ಒಂದು ವೈರ್. ಡ್ಯಾಶ್‌ಬೋರ್ಡಿಗೆ ನಟ್ ಬಿಗಿದ ಕೂಡಲೇ ಅದು ಕಾರಿನ ಬಾಡಿಗೆ ಸೇರಿ, ಅಲ್ಲಿಂದ ಬ್ಯಾಟರಿಗೆ ಸೇರುತ್ತದೆ. ಇವತ್ತಿನ ವಿಡಿಯೋದಲ್ಲಿ ಹೇಳುವುದೆಲ್ಲ ಸುತ್ತಿ ಸುತ್ತಿ ಈ ಕಾಣದ ವೈರಿಗೇ, ಅಂದರೆ ಅರ್ತಿಗೇ ಬರುತ್ತದೆ. ಅದರಲ್ಲೂ ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ, ಉಪ್ಪುಗಾಳಿ ಮೊದಲು ತಿನ್ನುವುದು ಇದನ್ನೇ.

[ದೃಶ್ಯ: ಅಂಬಾಸಿಡರ್ ಬಾನೆಟ್ ಎತ್ತಿದೆ, ಬ್ಯಾಟರಿಯ ಎರಡು ಟರ್ಮಿನಲ್ ಹತ್ತಿರದಿಂದ]

ಮೊದಲು ಬ್ಯಾಟರಿ ನೋಡಿ. ಯಾವ ಟರ್ಮಿನಲ್ಲಿನ ದಪ್ಪ ಕೇಬಲ್ ಸೀದಾ ಬಾಡಿಗೆ ಹೋಗಿದೆ? ಮೈನಸ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈಗಿನ ಕಾರುಗಳಲ್ಲಿ ಅದು ಸರಿ, ಫಿಯಟ್ ಮತ್ತು ಪದ್ಮಿನಿಯಲ್ಲೂ ಸರಿ. ಆದರೆ ಬ್ರಿಟಿಷ್ ವಿನ್ಯಾಸದ ಹಳೆಯ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಹೋಗಿರುತ್ತದೆ, ಮೈನಸ್‌ನಲ್ಲಿ ಕರೆಂಟ್ ಬರುತ್ತದೆ. ಇದಕ್ಕೆ ಪಾಸಿಟಿವ್ ಅರ್ತ್ ಎನ್ನುತ್ತಾರೆ. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಅದು ಪಾಸಿಟಿವ್ ಅರ್ತ್ ಕಾರು. ಬ್ರಿಟನ್ನಿನ ಕಂಪನಿಗಳು ನೆಗೆಟಿವ್ ಅರ್ತ್ ಕಡೆಗೆ ತಿರುಗಿದ್ದು 1960ರ ದಶಕದ ಕೊನೆಗೆ. ಇನ್ನೊಂದು ತಲೆನೋವು ಇದೆ. ನಡುವೆ ಯಾವನೋ ಮೆಕ್ಯಾನಿಕ್ ತನಗೆ ಅನುಕೂಲ ಅಂತ ಉಲ್ಟಾ ಮಾಡಿರಬಹುದು. ಆದ್ದರಿಂದ ಪುಸ್ತಕ, ಮಾಡೆಲ್, ಅಜ್ಜನ ನೆನಪು ಯಾವುದನ್ನೂ ನಂಬಬೇಡಿ, ಕೇಬಲ್ ನೋಡಿ. ಮಲ್ಟಿಮೀಟರ್ ಹಿಡಿದು ವೋಲ್ಟೇಜನ್ನೂ ಅಳೆಯಿರಿ, ಯಾಕೆಂದರೆ 1950ರ ದಶಕದ ಎಷ್ಟೋ ಗಾಡಿಗಳು 6 ವೋಲ್ಟಿನವು.

ಈಗ ರೇಡಿಯೋ. ಅದರ ಮೈಮೇಲೆ ಎಲ್ಲೋ ಒಂದು ಚೀಟಿ ಅಥವಾ ಅಚ್ಚು ಇರುತ್ತದೆ, 12 ವೋಲ್ಟ್, ಪಕ್ಕದಲ್ಲಿ ಪ್ಲಸ್ ಅಥವಾ ಮೈನಸ್ ಗುರುತು, ಅರ್ತ್ ಚಿಹ್ನೆ. ಎಷ್ಟೋ ಸೆಟ್‌ಗಳಲ್ಲಿ ಇದನ್ನು ಬದಲಾಯಿಸಲು ಹಿಂದೆಯೋ ಪಕ್ಕದಲ್ಲೋ ಒಂದು ಸಣ್ಣ ಪ್ಲಗ್ ಅಥವಾ ಸ್ವಿಚ್ ಕೊಟ್ಟಿರುತ್ತಾರೆ, ಧೂಳು ಒರೆಸಿದರೆ ಕಾಣುತ್ತದೆ. ಅದು ಇದ್ದರೆ ನೀವು ಪುಣ್ಯವಂತರು. ಅದೂ ಇಲ್ಲದೆ, ಗುರುತೂ ಕಾರಿನ ಅರ್ತಿಗೆ ಹೊಂದದಿದ್ದರೆ ಕಾರು ಒಂದು ಕಡೆ, ರೇಡಿಯೋ ಇನ್ನೊಂದು ಕಡೆ.

ಆಗ ಜನ ಮಾಡುವುದು ಏನು ಗೊತ್ತಾ? ರೇಡಿಯೋಕ್ಕೆ ರಬ್ಬರ್ ಸುತ್ತಿ, ಬಾಡಿಗೆ ತಾಗದ ಹಾಗೆ ಕೂರಿಸಿ, ವೈರ್ ಉಲ್ಟಾ ಕೊಡುತ್ತಾರೆ. ಬೇಡ. ಆಗ ಡಬ್ಬಿಗೇ ಕರೆಂಟ್ ಬಂದು ಅದು ಲೈವ್ ಆಗಿರುತ್ತದೆ, ಏರಿಯಲ್ ಕೇಬಲ್ಲಿನ ಹೊರ ಜಾಲರಿಯೂ ಲೈವ್. ಆ ಜಾಲರಿ ಏರಿಯಲ್ಲಿನ ಬುಡದಲ್ಲಿ ಬಾಡಿಗೆ ತಾಗಿಯೇ ತಾಗುತ್ತದೆ. ತಾಗಿದರೆ ಬ್ಯಾಟರಿ ಶಾರ್ಟ್.

ಕಾರನ್ನೇ ನೆಗೆಟಿವ್ ಅರ್ತ್ ಮಾಡಬಹುದು. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವ ಗಾಡಿಯಲ್ಲಿ ಅದು ಕಷ್ಟವಲ್ಲ: ಬ್ಯಾಟರಿ ತಿರುಗಿಸಿ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ಲಿನ ಎರಡು ಸಣ್ಣ ವೈರ್ ಅದಲು ಬದಲು ಮಾಡಿ, ಡೈನಮೋದ ವೈರ್ ಬಿಚ್ಚಿ ಅದರ ಎಫ್ ಎಂದು ಬರೆದ ಟರ್ಮಿನಲ್ಲಿಗೆ ಬ್ಯಾಟರಿಯ ಲೈವ್ ಅನ್ನು ಒಂದು ಕ್ಷಣ ಮುಟ್ಟಿಸಿ ಅದರ ಕಾಂತವನ್ನು ಹೊಸ ದಿಕ್ಕಿಗೆ ತಿರುಗಿಸಬೇಕು. ಆದರೂ ನನ್ನ ಅಭಿಪ್ರಾಯ ಬೇರೆ. ರೇಡಿಯೋಕ್ಕಾಗಿ ಇಡೀ ಕಾರನ್ನು ಬದಲಾಯಿಸುವುದು ಯಾಕೆ? ಒಳಗೂ ಹೊರಗೂ ಪ್ರತ್ಯೇಕ ಅರ್ತ್ ಇರುವ, ಅಂದರೆ ಐಸೊಲೇಟೆಡ್ ಎಂದು ಬರೆದಿರುವ, ಸಣ್ಣ 12 ವೋಲ್ಟ್ ಕನ್ವರ್ಟರ್ ಸಿಗುತ್ತದೆ. ಟ್ರಾನ್ಸಿಸ್ಟರ್ ಸೆಟ್‌ಗೆ ಅದು ಸಾಕು, ಡ್ಯಾಶ್ ಹಿಂದೆ ಕೂತರೆ ಕಾಣುವುದೂ ಇಲ್ಲ. ಅಗ್ಗದ ಕನ್ವರ್ಟರ್ ತಾನೇ ಗೊರಗೊರ ಸದ್ದು ಮಾಡುತ್ತದೆ ಅನ್ನುವುದು ನೆನಪಿರಲಿ.

[ದೃಶ್ಯ: ಬೆಂಚು, ಬ್ಯಾಟರಿ, ನಡುವೆ ಇಂಡಿಕೇಟರ್ ಬಲ್ಬು]

ಕಾರಿಗೆ ಹಾಕುವ ಮೊದಲು ಬೆಂಚಿನ ಮೇಲೆ ಪರೀಕ್ಷೆ. ನಾನು ಮಾಡುವುದು ಹೀಗೆ: ಬ್ಯಾಟರಿಗೂ ರೇಡಿಯೋಕ್ಕೂ ನಡುವೆ ಸೀರೀಸ್‌ನಲ್ಲಿ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬು ಹಾಕುತ್ತೇನೆ. ಒಳಗೆ ಶಾರ್ಟ್ ಇದ್ದರೂ ಎರಡು ಆಂಪ್ ಒಳಗೇ ಕರೆಂಟ್ ನಿಲ್ಲುತ್ತದೆ, ಬಲ್ಬು ಪೂರ್ತಿ ಉರಿದು ಸುದ್ದಿ ಕೊಡುತ್ತದೆ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಮುಂದುವರಿಯಬಹುದು. ಟ್ರಾನ್ಸಿಸ್ಟರಿಗಿಂತ ಹಳೆಯ, ಗಾಜಿನ ವಾಲ್ವುಗಳ ಸೆಟ್ ಆದರೆ ಈ ಬಲ್ಬು ಸಾಲದು, ವಾಲ್ವ್ ಕಾಯಲಿಕ್ಕೇ ಜಾಸ್ತಿ ಕರೆಂಟ್ ಬೇಕು, ಹೆಡ್‌ಲೈಟ್ ಬಲ್ಬು ಹಾಕಿ. ವಾಲ್ವ್ ಸೆಟ್‌ಗಳಲ್ಲಿ ವೈಬ್ರೇಟರ್ ಎಂಬ ಸಣ್ಣ ಡಬ್ಬಿ ಗುಂಯ್ ಅನ್ನುತ್ತಾ 12 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ, ಆಚೆ ಕಡೆ ಇನ್ನೂರು ವೋಲ್ಟಿನ ಆಸುಪಾಸು ಬರುತ್ತದೆ. ಕಾರಿನದು 12 ವೋಲ್ಟ್ ತಾನೇ ಅಂತ ಮುಚ್ಚಳ ತೆಗೆದು ಬೆರಳು ಹಾಕಬೇಡಿ.

ಸ್ಪೀಕರ್ ಇಲ್ಲದೆ ಆನ್ ಮಾಡಬೇಡಿ, ಎಷ್ಟೋ ಹಳೆಯ ಸೆಟ್‌ಗಳಿಗೆ ಅದು ಆಗಿಬರುವುದಿಲ್ಲ. ಓಮ್ಸ್ ಎಷ್ಟು ಬರೆದಿದೆಯೋ ಅಷ್ಟರದ್ದೇ ಸ್ಪೀಕರ್ ಹಾಕಿ. 8 ಓಮ್ಸ್ ಬೇಕಾದಲ್ಲಿ 4 ಓಮ್ಸ್ ಹಾಕಿದರೆ ಸದ್ದು ಜೋರಾಗಿ ಬರುತ್ತದೆ, ಖುಷಿಯಾಗುತ್ತದೆ, ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸಾಯುತ್ತದೆ. ಆ ಕಾಲದ ಜರ್ಮೇನಿಯಮ್ ಟ್ರಾನ್ಸಿಸ್ಟರ್ ಈಗ ಹುಡುಕುವುದು ಸುಲಭವಲ್ಲ.

[ದೃಶ್ಯ: ಲ್ಯೂಕಾಸ್ ಫ್ಯೂಸ್ ಬಾಕ್ಸ್, ಎ1 ರಿಂದ ಎ4]

ಕರೆಂಟ್ ಎಲ್ಲಿಂದ ತೆಗೆಯುವುದು? ಲ್ಯೂಕಾಸ್ ಫ್ಯೂಸ್ ಬಾಕ್ಸ್ ಇದ್ದರೆ ನಾಲ್ಕು ಗುರುತು ಕಾಣುತ್ತದೆ. ಎ1ಕ್ಕೆ ಕಂದು ವೈರ್ ಬ್ಯಾಟರಿಯಿಂದ ಸೀದಾ ಬರುತ್ತದೆ, ಫ್ಯೂಸ್ ದಾಟಿ ಎ2. ಎ3ಕ್ಕೆ ಬಿಳಿ ವೈರ್, ಕೀ ತಿರುಗಿಸಿದಾಗ ಮಾತ್ರ ಕರೆಂಟ್, ಫ್ಯೂಸ್ ದಾಟಿ ಎ4, ಅಲ್ಲಿಂದ ಹಸಿರು ವೈರ್. ರೇಡಿಯೋ ಎ4ರಿಂದ ತೆಗೆದರೆ ಕೀ ತೆಗೆದಾಗ ತಾನೇ ಆಫ್ ಆಗುತ್ತದೆ. ಕಡಲ ತೀರದಲ್ಲಿ ಗಾಡಿ ನಿಲ್ಲಿಸಿ ಕೇಳಬೇಕು ಅನ್ನುವವರಿಗೆ ಎ2.

ಯಾವುದಾದರೂ ಇರಲಿ, ಬಾಕ್ಸಿನ ಫ್ಯೂಸ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಅಲ್ಲಿ ಇರುವುದು ಸಾಮಾನ್ಯವಾಗಿ 35 ಆಂಪಿನದು. ಅದು ಹೋಗುವಷ್ಟರಲ್ಲಿ ನಿಮ್ಮ ರೇಡಿಯೋ, ಅದರ ವೈರ್, ಪಕ್ಕದ ವೈರ್ ಎಲ್ಲ ಹೋಗಿರುತ್ತದೆ. ರೇಡಿಯೋ ವೈರಿಗೇ ಬೇರೆ ಫ್ಯೂಸ್ ಹೋಲ್ಡರ್ ಹಾಕಿ, ಕರೆಂಟ್ ತೆಗೆಯುವ ಜಾಗದ ಹತ್ತಿರವೇ. ಟ್ರಾನ್ಸಿಸ್ಟರ್ ಸೆಟ್‌ಗೆ 2 ಆಂಪ್, ವಾಲ್ವ್ ಸೆಟ್‌ಗೆ ಅದರ ಚೀಟಿಯಲ್ಲಿ ಬರೆದಷ್ಟು. ಹಳೆಯ ಬಟ್ಟೆ ಸುತ್ತಿದ ವೈರುಗಳನ್ನು ಸುಲಿದು ಟೇಪ್ ಸುತ್ತುವ ಕೆಲಸ ಮಾತ್ರ ಮಾಡಬೇಡಿ ಮಾರಾಯ್ರೇ, ಲಗ್ ಹಾಕಿ ಸೋಲ್ಡರ್ ಮಾಡಿ, ನಾಳೆ ಬಿಚ್ಚಿದರೆ ಕಾರು ಮೊದಲಿನ ಹಾಗೇ ಇರಬೇಕು.

[ದೃಶ್ಯ: ಏರಿಯಲ್ ಬುಡ, ತುಕ್ಕು ಹಿಡಿದ ತಗಡು]

ಈಗ ತುಕ್ಕಿನ ಮಾತು. ಕೋಡಿಬಾಗದಲ್ಲೋ ಬೈತಖೋಲದಲ್ಲೋ ಹತ್ತಾರು ಮಳೆಗಾಲ ಕಂಡ ಕಾರಿನಲ್ಲಿ ರೇಡಿಯೋದ ಬ್ರಾಕೆಟ್ ಬಾಡಿಗೆ ಬಿಗಿದಿದೆ ಅಂದರೆ ಕರೆಂಟ್ ದಾಟುತ್ತದೆ ಅಂತ ಅರ್ಥವಲ್ಲ. ಸ್ಕ್ರೂ ಬಿಗಿ ಇರುತ್ತದೆ, ಕೆಳಗೆ ತುಕ್ಕು. ಪೇಂಟ್ ಮಾಡಿಸಿದ ಕಾರು ಇನ್ನೂ ಮೋಸ, ಹೊಳೆಯುವ ಬಣ್ಣದ ಮೇಲೆ ನಟ್ ಕೂತಿರುತ್ತದೆ. ಅರ್ತ್ ಸರಿ ಇಲ್ಲದಿದ್ದರೆ ರೇಡಿಯೋ ಸುಮ್ಮನೂ ಇರುವುದಿಲ್ಲ, ಅದು ಏರಿಯಲ್ ಜಾಲರಿಯ ಮೂಲಕ ದಾರಿ ಹುಡುಕಿಕೊಳ್ಳುತ್ತದೆ, ಹಾಡೂ ಬರುತ್ತದೆ, ಜೊತೆಗೆ ಕಾರಿನ ಎಲ್ಲ ಸದ್ದೂ ಬರುತ್ತದೆ. ಅದಕ್ಕೇ ರೇಡಿಯೋದ ಡಬ್ಬಿಯಿಂದ ದಪ್ಪ ವೈರ್ ಒಂದನ್ನು ಪ್ರತ್ಯೇಕ ಎಳೆದು, ತಗಡನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಹಲ್ಲು ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಮ್ ಜೆಲ್ಲಿ ಬಳಿಯಿರಿ. ಮೀಟರಿನಲ್ಲಿ ಡಬ್ಬಿಯಿಂದ ಬ್ಯಾಟರಿಯ ಅರ್ತ್ ಟರ್ಮಿನಲ್ ತನಕ ಓಮ್ಸ್ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಏರಿಯಲ್ ಬುಡಕ್ಕೂ ಇದೇ ಉಪಚಾರ. ಅಲ್ಲಿ ರಬ್ಬರ್ ಒಡೆದಿದ್ದರೆ ಜೂನ್ ತಿಂಗಳಲ್ಲಿ ನೀರು ಕೇಬಲ್ ಒಳಗೇ ಇಳಿಯುತ್ತದೆ.

ಕೇಬಲ್ ಬದಲಾಯಿಸುವುದಾದರೆ ಟಿವಿ ಡಿಶ್ ಕೇಬಲ್ ಹಾಕಬೇಡಿ. ಕಾರ್ ಏರಿಯಲ್ ಕೇಬಲ್ ಒಳಗೆ ಕೂದಲಿನಷ್ಟು ಸಣ್ಣ ತಂತಿ, ಸುತ್ತ ಗಾಳಿ ಇರುತ್ತದೆ, ಕೆಪಾಸಿಟನ್ಸ್ ಕಡಿಮೆ ಇರಲಿ ಅಂತ. ಬೇರೆ ಕೇಬಲ್ ಹಾಕಿದರೆ ಮೀಡಿಯಂ ವೇವ್ ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ.

[ದೃಶ್ಯ: ಎಂಜಿನ್ ಚಾಲು, ರೇಡಿಯೋದಲ್ಲಿ ಟಕಟಕ ಸದ್ದು]

ಎಲ್ಲ ಜೋಡಿಸಿ ಆಯ್ತು, ಎಂಜಿನ್ ಆಫ್ ಇದ್ದಾಗ ಚಂದ ಹಾಡುತ್ತದೆ, ಸ್ಟಾರ್ಟ್ ಮಾಡಿದರೆ ಕೇಳಲಿಕ್ಕಾಗುವುದಿಲ್ಲ. ಹೆದರಬೇಡಿ, ಆ ಸದ್ದಿಗೆ ಭಾಷೆ ಇದೆ. ಎಂಜಿನ್ ಜೊತೆ ಲಯ ಹಿಡಿದು ಟಕಟಕ ಅಂದರೆ ಪ್ಲಗ್, ಕಾಯಿಲ್, ಡಿಸ್ಟ್ರಿಬ್ಯೂಟರ್. ರೇಸ್ ಮಾಡಿದಂತೆ ಏರುವ ಕುಂಯ್ ಸದ್ದು, ದೂರದ ತೋಟದಲ್ಲಿ ಯಾರೋ ಅಡಿಕೆ ಸುಲಿಯುವ ಮಷಿನ್ ಚಾಲು ಮಾಡಿದ ಹಾಗೆ ಬಂದರೆ ಡೈನಮೋ. ಲೆಕ್ಕವಿಲ್ಲದೆ ಆಗಾಗ ಕರಕರ ಅಂದರೆ ಡೈನಮೋದ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್.

ಅನುಮಾನ ಇದ್ದರೆ ಗಾಡಿ ನಿಲ್ಲಿಸಿಕೊಂಡೇ, ರೇಡಿಯೋವನ್ನು ಎ2ಕ್ಕೆ ಕೊಟ್ಟು, ಎಂಜಿನ್ ರೇಸ್ ಮಾಡಿ ಕೀ ಆಫ್ ಮಾಡಿ. ಸದ್ದು ತಟ್ಟನೆ ನಿಂತರೆ ಇಗ್ನಿಷನ್. ಎಂಜಿನ್ ತಿರುಗುತ್ತಾ ನಿಧಾನವಾಗುವಾಗ ಅದೂ ನಿಧಾನ ಇಳಿದರೆ ಡೈನಮೋ. ಏರಿಯಲ್ ಪ್ಲಗ್ ಎಳೆದು ನೋಡಿ: ಸದ್ದು ಹೋದರೆ ಅದು ಏರಿಯಲ್ ದಾರಿಯಲ್ಲಿ ಬರುತ್ತಿದೆ, ಉಳಿದರೆ ಕರೆಂಟ್ ವೈರಿನಲ್ಲಿ.

ಔಷಧಿ ಹಳೆಯದೇ. ಕಾಯಿಲ್ಲಿನ ಎಸ್‌ಡಬ್ಲ್ಯೂ ಟರ್ಮಿನಲ್ಲಿಗೂ (ಕೀಯಿಂದ ಕರೆಂಟ್ ಬರುವ ಕಡೆ) ಬಾಡಿಗೂ ನಡುವೆ 1 ಮೈಕ್ರೋಫ್ಯಾರಡ್ ಕಂಡೆನ್ಸರ್. ಸಿಬಿ ಎಂದು ಬರೆದ ಕಡೆ ಹಾಕಿದರೆ ಕಿಡಿ ಸತ್ತು ಗಾಡಿ ಸ್ಟಾರ್ಟೇ ಆಗುವುದಿಲ್ಲ. ಡೈನಮೋದಲ್ಲಿ ದಪ್ಪ ವೈರಿನ ಡಿ ಟರ್ಮಿನಲ್ಲಿಗೆ ಒಂದು, ಎಫ್‌ಗೆ ಯಾವತ್ತೂ ಬೇಡ. ಪ್ಲಗ್ ವೈರುಗಳಿಗೆ ಸದ್ದು ತಡೆಯುವ ಸಪ್ರೆಸರ್ ಕ್ಯಾಪ್. ಆ ಕಂಡೆನ್ಸರ್‌ಗಳ ಡಬ್ಬಿಯೂ ಬಾಡಿಗೇ ಅರ್ತ್ ಆಗುವುದು, ಹಾಗಾಗಿ ಅವುಗಳ ಕೆಳಗೂ ಉಜ್ಜಿ. ಬಾನೆಟ್ಟನ್ನು ಮರೆಯುತ್ತಾರೆ. ತುಕ್ಕಿನ ಕೀಲಿನ ಮೇಲೆ ಕೂತ ಬಾನೆಟ್ ಬಾಡಿಯಿಂದ ಬೇರೆಯಾಗಿಯೇ ಇರುತ್ತದೆ, ಕೆಳಗಿನ ಸದ್ದನ್ನೆಲ್ಲ ಹೀರಿ ಏರಿಯಲ್ಲಿಗೆ ಬೀರುತ್ತದೆ. ಜಾಲರಿ ಪಟ್ಟಿ ಒಂದರಿಂದ ಬಾನೆಟ್ಟನ್ನು ಬಾಡಿಗೆ ಕಟ್ಟಿ. ಮಿಕ್ಕ ಯಾವ ಔಷಧಿಗಿಂತ ಕರಾವಳಿಯ ಕಾರುಗಳಿಗೆ ಇದೇ ಹೆಚ್ಚು ಹತ್ತುತ್ತದೆ.

ಇಷ್ಟಾದರೂ ಕೈಗಾದಿಂದ ಬರುವ ಹೈಟೆನ್ಷನ್ ಲೈನ್ ಕೆಳಗೆ ದಾಟುವಾಗ ಬರುವ ಗರಗರಕ್ಕೆ ನಿಮ್ಮ ಕಾರು ಕಾರಣವಲ್ಲ. ದೇವಿಮನೆ ಘಾಟಿಯಲ್ಲೋ ಅರಬೈಲ್ ಘಾಟಿಯಲ್ಲೋ ಗುಡ್ಡದ ಮರೆಗೆ ಸಿಗ್ನಲ್ ಮಂಕಾದರೂ ಅಷ್ಟೇ.

ಕೊನೆಯ ಕೆಲಸ ಒಂದು ಸಣ್ಣ ಸ್ಕ್ರೂ. ಏರಿಯಲ್ ಸಾಕೆಟ್ ಹತ್ತಿರವೋ, ಟ್ಯೂನಿಂಗ್ ಗುಂಡಿಯ ಹಿಂದೆಯೋ ರೇಡಿಯೋವನ್ನು ಏರಿಯಲ್ಲಿಗೆ ಹೊಂದಿಸುವ ಈ ಸ್ಕ್ರೂ, ಅಂದರೆ ಟ್ರಿಮ್ಮರ್ ಇರುತ್ತದೆ. ಏರಿಯಲ್ ಪೂರ್ತಿ ಎಳೆದು, ಡಯಲ್ಲಿನ ಮೇಲಿನ ತುದಿ, 1400 ಕಿಲೋಹರ್ಟ್ಝ್ ಸುತ್ತಮುತ್ತ ಯಾವುದಾದರೂ ಮಂದ ಸ್ಟೇಷನ್ ಅಥವಾ ಬರಿಯ ಭುಸ್ ಸದ್ದು ಹಿಡಿದು, ಅದು ಅತಿ ಜೋರಾಗುವ ತನಕ ಸ್ಕ್ರೂ ತಿರುಗಿಸಿ. ಜೋರಾದ ಸ್ಟೇಷನ್ ಮೇಲೆ ಮಾಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಯಲ್ಲಿನಲ್ಲಿ ಧಾರವಾಡದ ನಂಬರು 765, ಪಣಜಿಯದು 1287. ಮೀಟರಿನಲ್ಲಿ ಬರೆದ ಡಯಲ್ ಆದರೆ 392 ಮತ್ತು 233ರ ಹತ್ತಿರ ಹುಡುಕಿ. ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ಚೆನ್ನಾಗಿ ಹರಿಯುತ್ತದೆ, ಹಾಗಾಗಿ ಕಡಲ ಪಕ್ಕದ ರಸ್ತೆಯಲ್ಲಿ ಟ್ಯೂನ್ ಮಾಡಿ ನೋಡಿ. ಕಾರವಾರ ಆಕಾಶವಾಣಿ ಎಫ್‌ಎಂ, ಅದು ಈ ಮೀಡಿಯಂ ವೇವ್ ಸೆಟ್ಟಿನಲ್ಲಿ ಬರುವುದಿಲ್ಲ, ಬರಲಿಲ್ಲ ಅಂತ ರೇಡಿಯೋ ಬಿಚ್ಚಬೇಡಿ.

ಮುಂದಿನ ವಿಡಿಯೋ ವೈಬ್ರೇಟರ್ ಬಗ್ಗೆ. ಸತ್ತದ್ದನ್ನು ಬಿಚ್ಚಿ ಪಾಯಿಂಟ್ ಉಜ್ಜಿ ಎಬ್ಬಿಸಬಹುದಾ, ಅಥವಾ ಅದೇ ಡಬ್ಬಿಯೊಳಗೆ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಕೂರಿಸುವುದು ವಾಸಿಯಾ, ಎರಡನ್ನೂ ಮಾಡಿ ತೋರಿಸುತ್ತೇನೆ.