ಡುಷೆನ್ ಸ್ನಾಯುಕ್ಷಯ: ಜೀನ್ ರಿಪೋರ್ಟಿನಲ್ಲಿ ಏನು ನೋಡಬೇಕು

ಕೇಳುಗರಿಗೆ ನಮಸ್ಕಾರ.

ಮೂರು-ನಾಲ್ಕು ವರ್ಷದ ಹುಡುಗ ಪದೇಪದೇ ಬೀಳುತ್ತಾನೆ, ಮೆಟ್ಟಿಲು ಹತ್ತಲು ಒದ್ದಾಡುತ್ತಾನೆ, ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆಯೇ ಕೈಯೂರಿ ಮೇಲೇಳುತ್ತಾನೆ. ಮೀನಖಂಡ ಮಾತ್ರ ದಪ್ಪಗಿದೆ; ಹಾಗಾಗಿ ಕಾಲು ಗಟ್ಟಿಯಿದೆ ಎಂದೇ ಮನೆಯವರ ಲೆಕ್ಕ. ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದು ಕಂಡು ಲಿವರ್ ಕಾಯಿಲೆಯೆಂದು ಅಲೆಯುವವರು ಎಷ್ಟೋ ಮಂದಿ. ಈ ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ. ಲಿವರ್ ತೊಂದರೆ ತೋರಿಸುವ ಜಿಜಿಟಿ ಎಂಬ ಕಿಣ್ವ ಸರಿಯಾಗಿದ್ದು ಇವೆರಡೇ ಹೆಚ್ಚಿದ್ದರೆ ಮೊದಲು ಸಿಪಿಕೆ ಎಂಬ ಸ್ನಾಯು ಕಿಣ್ವದ ಪರೀಕ್ಷೆ ಮಾಡಿಸಬೇಕು. ಡುಷೆನ್ ಮಸ್ಕ್ಯುಲರ್ ಡಿಸ್ಟ್ರಫಿಯಲ್ಲಿ ಅದು ಸಾಮಾನ್ಯ ಮಿತಿಯ ಹತ್ತರಿಂದ ನೂರು ಪಟ್ಟು ಇರುತ್ತದೆ.

ದೋಷವಿರುವುದು ಎಕ್ಸ್ ವರ್ಣತಂತುವಿನ ಡಿಸ್ಟ್ರೊಫಿನ್ ಜೀನ್‌ನಲ್ಲಿ. 20 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರಗಳ, 79 ಎಕ್ಸಾನ್‌ಗಳ, ಅಂದರೆ ಪ್ರೋಟೀನು ಕಟ್ಟಲು ಕೋಶ ಜೋಡಿಸಿ ಓದುವ ತುಣುಕುಗಳ, ದೈತ್ಯ ಜೀನ್ ಇದು. ಇದರ ಪ್ರೋಟೀನು ಸ್ನಾಯುಕೋಶದ ಒಳಹಂದರವನ್ನು ಪೊರೆಗೆ ಬಿಗಿದಿಡುತ್ತದೆ. ಅದಿಲ್ಲದಿದ್ದರೆ ಸ್ನಾಯು ಕೆಲಸ ಮಾಡಿದಷ್ಟೂ ಪೊರೆ ಹರಿದು, ಕ್ಯಾಲ್ಸಿಯಂ ಒಳನುಗ್ಗಿ, ಕೋಶ ಸಾಯುತ್ತದೆ. ಆ ಜಾಗವನ್ನು ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಮೀನಖಂಡ ದಪ್ಪಗೆ ಕಾಣುವುದಕ್ಕೆ ಇದೂ ಕಾರಣ.

ಸಿಪಿಕೆ ಏರಿದ್ದರೆ ಮುಂದಿನದು ಎಂಎಲ್‌ಪಿಎ ಎಂಬ ಜೀನ್ ಪರೀಕ್ಷೆ. ‘ಪಾಸಿಟಿವ್’ ಎಂಬ ಮಾತಿಗೆ ನಿಲ್ಲಬೇಡಿ, ಎಷ್ಟನೇ ಎಕ್ಸಾನ್ ಎಂದು ನೋಡಿ. ಉದಾಹರಣೆಗೆ 50ನೇ ಎಕ್ಸಾನ್ ಅಳಿಸಿಹೋಗಿದೆ ಎನ್ನೋಣ. ಅದರಲ್ಲಿ 109 ಅಕ್ಷರಗಳು. ಕೋಶ ಓದುವುದು ಮೂರುಮೂರು ಅಕ್ಷರವಾಗಿ. 109 ಮೂರರಿಂದ ಭಾಗವಾಗದು. ಹಾಗಾಗಿ ಮುಂದಿನ ಓದೆಲ್ಲ ತಪ್ಪಿ ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. 51ನೇ ಎಕ್ಸಾನ್‌ನ 233 ಅಕ್ಷರಗಳನ್ನೂ ಬಿಟ್ಟು ಓದಿದರೆ ಒಟ್ಟು ಕಳೆದದ್ದು 342. ಅದು ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ತುಸು ಮೋಟಾದರೂ ಕೆಲಸ ಮಾಡುವ ಪ್ರೋಟೀನು ಸಿಗುತ್ತದೆ. ಹುಟ್ಟಿನಿಂದಲೇ ಹೀಗೆ ಲೆಕ್ಕ ಸರಿಹೋಗುವಂಥ ಅಳಿವಿದ್ದವರಿಗೆ ಬರುವುದು ಸಾಮಾನ್ಯವಾಗಿ ಬೆಕರ್ ಎಂಬ ಸೌಮ್ಯ ರೂಪ.

‘ಎಕ್ಸಾನ್ ಸ್ಕಿಪ್ಪಿಂಗ್’ ಔಷಧಿಗಳ ಉಪಾಯವೂ ಇದೇ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಟೆಪ್ಲಿರ್ಸೆನ್ 51ನೇ ಎಕ್ಸಾನ್ ದಾಟಿಸುತ್ತದೆ. ಇದು ಹೊಂದುವುದು ನೂರರಲ್ಲಿ ಸುಮಾರು 13 ಹುಡುಗರಿಗೆ. ವಾರವಾರವೂ ರಕ್ತನಾಳದ ಮೂಲಕ ಕೊಡಬೇಕು. ಪ್ರಯೋಗಗಳಲ್ಲಿ ಹುಟ್ಟಿದ ಡಿಸ್ಟ್ರೊಫಿನ್ ಸಹಜ ಪ್ರಮಾಣದ ಶೇಕಡಾ 1ನ್ನೂ ಸರಾಸರಿಯಲ್ಲಿ ಮುಟ್ಟಲಿಲ್ಲ. ಉಪಾಯ ಜಾಣತನದ್ದು, ಫಲ ಸಣ್ಣದು.

ಜೀನ್ ಚಿಕಿತ್ಸೆಗೆ ಬೇರೆಯೇ ತೊಡಕು. ಜೀನ್ ಹೊರುವ ಎಎವಿ ವೈರಸ್ಸಿಗೆ ಸುಮಾರು 4,700 ಅಕ್ಷರಗಳ ಜಾಗ. ಡಿಸ್ಟ್ರೊಫಿನ್‌ಗೆ ಬೇಕಾದದ್ದು 11,000. ಅದಕ್ಕೇ ಮೊಟಕುಗೊಳಿಸಿದ ಮೈಕ್ರೊಡಿಸ್ಟ್ರೊಫಿನ್. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದ ಎಲೆವಿಡಿಸ್ ಇದೇ ಬಗೆಯದು. ಒಮ್ಮೆ ಕೊಟ್ಟರೆ ಮೈಯಲ್ಲಿ ಆ ವೈರಸ್ಸಿನ ವಿರುದ್ಧ ಪ್ರತಿಕಾಯ ಹುಟ್ಟುವುದರಿಂದ ಮತ್ತೆ ಕೊಡಲಾಗದು. 8 ಅಥವಾ 9ನೇ ಎಕ್ಸಾನ್ ಅಳಿದವರಿಗೆ ಕೊಡುವಂತಿಲ್ಲ. ಚಿಕಿತ್ಸೆ ಪಡೆದಿದ್ದ, ನಡೆಯಲಾಗದ ಇಬ್ಬರು ಹುಡುಗರು ಲಿವರ್ ವೈಫಲ್ಯದಿಂದ ತೀರಿಕೊಂಡ ಸುದ್ದಿ 2025ರಲ್ಲಿ ಹೊರಬಂತು.

ಇಂದು ಕೈಗೆಟುಕುವ ಮದ್ದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ದಿನಕ್ಕೆ ಕಿಲೋ ತೂಕಕ್ಕೆ 0.75 ಮಿ.ಗ್ರಾಂ., ಅಂದರೆ 20 ಕಿಲೋ ಹುಡುಗನಿಗೆ 15 ಮಿ.ಗ್ರಾಂ.; ಡೆಫ್ಲಜಾಕಾರ್ಟ್ ಆದರೆ 0.9. ವೈದ್ಯರು ಬೆಳವಣಿಗೆ, ಮೂಳೆ ನೋಡಿ ಹೊಂದಿಸುತ್ತಾರೆ. ಮಾತ್ರೆ ಮುಗಿಯಿತೆಂದು ಥಟ್ಟನೆ ನಿಲ್ಲಿಸಿದರೆ ಮೈಯ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೈಕೊಟ್ಟು ಜೀವಕ್ಕೇ ಅಪಾಯ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೃದಯದ ಎಕೋ ವರ್ಷಕ್ಕೊಮ್ಮೆ ಆಗಲೇಬೇಕು. ಲಕ್ಷಣವಿಲ್ಲದಿದ್ದರೂ ಹತ್ತರ ವಯಸ್ಸಿಗೆ ಹೃದಯದ ಮಾತ್ರೆ ಶುರುವಾಗಿರಬೇಕು.

ತಾಯಂದಿರ ವಿಷಯ. ವಾಹಕಿಯಾದವಳ, ಅಂದರೆ ಒಂದು ಎಕ್ಸ್ ವರ್ಣತಂತುವಿನಲ್ಲಿ ಈ ದೋಷ ಹೊತ್ತವಳ, ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ಮೂರರಲ್ಲಿ ಒಂದರಷ್ಟು ಪ್ರಕರಣಗಳು ಮಾತ್ರ ಹೊಸ ದೋಷದಿಂದ. ತಾಯಿಯ ರಕ್ತ ಸರಿಯಿದ್ದರೂ ಕೆಲವು ಅಂಡಾಣುಗಳಲ್ಲಿ ದೋಷ ಅಡಗಿರಬಹುದು. ಮುಂದಿನ ಬಸಿರಿನ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್ ಪಡೆಯಿರಿ. ವಾಹಕಿಯರ ಹೃದಯವೂ ದುರ್ಬಲವಾಗಬಹುದು, ಅವರಿಗೂ ಎಕೋ ಬೇಕು.

ಕೊನೆಗೊಂದು ಎಚ್ಚರಿಕೆ. ಹಲ್ಲು, ಹರ್ನಿಯಾ, ಮುರಿದ ಮೂಳೆ, ಯಾವ ಶಸ್ತ್ರಚಿಕಿತ್ಸೆಯೇ ಇರಲಿ, ಅರಿವಳಿಕೆ ವೈದ್ಯರಿಗೆ ರೋಗದ ಹೆಸರು ಮೊದಲೇ ಹೇಳಿ. ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಸ್ನಾಯು ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಇದನ್ನು ಫೈಲಿನ ಮೇಲಿನ ಹಾಳೆಯಲ್ಲೇ ಬರೆದಿಡಿ.

ನಮಸ್ಕಾರ.