ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನವರು ಆಗಲೇ ಈ ಕಪ್ಪು ಪೆಟ್ಟಿಗೆಯನ್ನು ಬಗ್ಗಿ ನೋಡಿದ್ದೀರಿ. ಇದು ಎಚ್‌ಎಂವಿ ಕಂಪನಿಯ 101 ನಂಬರಿನ ಪೋರ್ಟಬಲ್ ಗ್ರಾಮಫೋನು. ಈ ಮಾದರಿ ಮೊದಲು ಬಂದದ್ದು 1925ರಲ್ಲಿ. ಚಿತ್ರಗಳಲ್ಲಿ ಕಾಣುವ ದೊಡ್ಡ ಕಹಳೆ ಇದಕ್ಕಿಲ್ಲ. ಅದನ್ನು ಪೆಟ್ಟಿಗೆಯೊಳಗೇ ಅಡಗಿಸಿದ್ದಾರೆ.

ಆಲ್ದೂರಿನ ಕಡೆ ನಮ್ಮ ದೊಡ್ಡಮ್ಮನ ತೋಟದ ಮನೆಯ ಅಟ್ಟದಲ್ಲಿ ಇದು ಬಿದ್ದಿತ್ತು. ಆ ಮನೆಗೆ ಕರೆಂಟು ಬರುವ ಮೊದಲು ಹಾಡು ಅಂದರೆ ಇದೊಂದೇ. ಮಳೆಗಾಲದ ಸಂಜೆ ಸುತ್ತ ಕೂತು ಪ್ಲೇಟು ಕೇಳುತ್ತಿದ್ದರಂತೆ. "ಅದು ಸತ್ತು ಎಷ್ಟು ಕಾಲ ಆಯ್ತು, ಗುಜರಿಗೆ ಹಾಕು ಮಗಾ" ಅಂದರು ದೊಡ್ಡಮ್ಮ. ಬಿಚ್ಚಿ ನೋಡಿದೆ. ಸತ್ತಿರಲಿಲ್ಲ, ಕಟ್ಟಿಕೊಂಡಿತ್ತು ಅಷ್ಟೆ. ಇಂಥ ಯಂತ್ರ ನಿಮ್ಮ ಮನೆಯಲ್ಲೂ ಇರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಒಳಗೆ ಗ್ರೀಸು ಗಟ್ಟಿಯಾಗಿರುತ್ತದೆ, ರಬ್ಬರು ಕಲ್ಲಾಗಿರುತ್ತದೆ. ಬೇರೆ ರೋಗವೇ ಇರುವುದಿಲ್ಲ.

ಮೊದಲು ಸ್ಪ್ರಿಂಗು. ದುಂಡನೆ ಡಬ್ಬಿಯೊಳಗೆ ಉಕ್ಕಿನ ಉದ್ದ ಪಟ್ಟಿ ಸುರುಳಿ ಸುತ್ತಿಕೊಂಡಿರುತ್ತದೆ. ಕೀಲಿ ಪೂರ್ತಿ ಇಳಿಸದೆ ಆ ಡಬ್ಬಿಯನ್ನು ಮುಟ್ಟಲೇಬಾರದು. ಇಳಿಸಿದ ಮೇಲೂ ಪಟ್ಟಿ ಒಳಗೆ ಒತ್ತಿಕೊಂಡೇ ಇರುತ್ತದೆ, ಚಿಮ್ಮಿದರೆ ಕೈ ಸೀಳುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ಒಂದೊಂದೇ ಸುತ್ತು ನಿಧಾನಕ್ಕೆ ಬಿಡಿಸಬೇಕು. ನಮ್ಮದರಲ್ಲಿ ಹಳೇ ಗ್ರೀಸು ಒಣಗಿದ ಹಲಸಿನ ಮೇಣದ ಹಾಗೆ ಅಂಟಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗ್ರಾಫೈಟ್ ಗ್ರೀಸು ಸವರಿದೆ. ಹಾಡಿನ ನಡುವೆ ಪೆಟ್ಟಿಗೆಯೊಳಗೆ 'ಧಡ್' ಅಂತ ಸದ್ದು ಬಂದರೆ, ಸುರುಳಿಗಳು ಅಂಟಿಕೊಂಡು ಜಾರುತ್ತಿವೆ ಅಂತ ತಿಳಿಯಿರಿ.

ವೇಗ ಹಿಡಿದಿಡುವುದು ಗವರ್ನರು. ಅದರ ಮೂರು ಪುಟ್ಟ ಗುಂಡುಗಳು ತಿರುಗುತ್ತಾ ಹೊರಗೆ ಹರಡುತ್ತವೆ. ವೇಗ ಜಾಸ್ತಿಯಾದರೆ ಒಂದು ಬಿಲ್ಲೆ ಹೋಗಿ ಮೆತ್ತೆಗೆ ಉಜ್ಜಿ ತಡೆಯುತ್ತದೆ. ಅಲ್ಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು.

ನನಗೆ ತುಂಬಾ ಇಷ್ಟವಾದ ಕೆಲಸ ಸೌಂಡ್‌ಬಾಕ್ಸಿನದು. ಸೂಜಿ ಕೂರುವ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಈ ಬಿಲ್ಲೆ ನೋಡಿ. ಒಳಗಿರುವ ತೆಳ್ಳನೆ ಹಾಳೆ ಅಭ್ರಕ, ನಾವು ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ಸೂಜಿಯ ನಡುಕ ಒಂದು ಸಣ್ಣ ಸಲಾಕೆಯ ಮೂಲಕ ಇದಕ್ಕೆ ಮುಟ್ಟುತ್ತದೆ, ಇದು ಗಾಳಿಯನ್ನು ನಡುಗಿಸುತ್ತದೆ. ಹಾಳೆಯ ಅಂಚನ್ನು ಎರಡೂ ಕಡೆಯಿಂದ ರಬ್ಬರ್ ಬಳೆಗಳು ಮೆತ್ತಗೆ ಹಿಡಿದಿರಬೇಕು. ನಮ್ಮದರಲ್ಲಿ ಅವು ಉಗುರು ತಾಗಿಸಿದರೆ ಪುಡಿಯಾಗುತ್ತಿದ್ದವು. ಅಂಥ ಬಳೆಯಲ್ಲಿ ಸಿಕ್ಕ ಹಾಳೆ ನಡುಗುವುದಾದರೂ ಹೇಗೆ? ದನಿ ಕೀರಲಾಗಿ, ತಗಡು ಕೆರೆದ ಹಾಗೆ ಬರುತ್ತದೆ. ಸಣ್ಣ, ಮೆತ್ತನೆ ರಬ್ಬರ್ ಕೊಳವೆ ತಂದು, ಅಳತೆಗೆ ಕತ್ತರಿಸಿ, ತುದಿಗೆ ತುದಿ ಕೂಡುವ ಹಾಗೆ ಕೂರಿಸಿದೆ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಹಾಳೆಯನ್ನು ಬೆರಳ ತುದಿಯಿಂದ ತಟ್ಟಿದಾಗ ಪುಟ್ಟ ತಮಟೆಯ ಹಾಗೆ ಅಂದಿತು.

ಪ್ಲೇಟುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವು ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ಹೀಗೆ ಒಂದು ಪ್ಲೇಟು ಕಳೆದುಕೊಂಡೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಉಕ್ಕಿನ ಸೂಜಿಯನ್ನೂ ಪ್ರತಿ ಬದಿಗೆ ಬದಲಾಯಿಸಬೇಕು. ಅರಗಿನ ಜೊತೆ ಬೆರೆಸಿದ ಕಲ್ಲಿನ ಪುಡಿ ಸೂಜಿಯನ್ನು ಸವೆಸುತ್ತದೆ, ಸವೆದ ಸೂಜಿ ಗೆರೆಯನ್ನು ಕೊರೆಯುತ್ತದೆ. ಮೂರು ನಿಮಿಷದ ಹಾಡಿಗೆ ಒಂದು ಸೂಜಿ ಅಂದರೆ ದುಬಾರಿ ಅನ್ನಿಸಬಹುದು. ಪ್ಲೇಟು ಮತ್ತೆ ಸಿಗುವುದಿಲ್ಲ ಅಲ್ವಾ?

ಹೊಸ ರೆಕ್ಸಿನ್ ಅಂಟಿಸಿ ಅಂತ ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಬೂಷ್ಟು ಒರೆಸಿದ್ದೇನೆ, ಬಿಟ್ಟುಹೋದ ಮೂಲೆಯನ್ನು ಅಂಟಿಸಿದ್ದೇನೆ. ಹಿಡಿ ನುಣುಪಾಗಿರುವುದು ದೊಡ್ಡಪ್ಪನ ಕೈಯಿಂದ. ಅದನ್ನು ಯಾಕೆ ಅಳಿಸಲಿ?

ಕೊನೆಗೆ, ವೇಗ ಸರಿಯಿದೆಯಾ ಅಂತ ನೋಡಲು, 77 ಗೆರೆಗಳಿರುವ ಈ ಕಾಗದದ ಚಕ್ರವನ್ನು ಪ್ಲೇಟಿನ ಮೇಲಿಟ್ಟು, ಹಳೇ ಚೋಕಿನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದೆ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಈ ಪ್ಲೇಟುಗಳಿಗೆ ಬೇಕಾದ ನಿಮಿಷಕ್ಕೆ 78 ಸುತ್ತಿಗೆ ಬಂದಾಗ ಗೆರೆಗಳು ಓಡುವುದು ಬಿಟ್ಟು ನಿಂತಲ್ಲೇ ನಿಂತ ಹಾಗೆ ಕಂಡವು. ದೊಡ್ಡಮ್ಮನನ್ನು ಕರೆದು ತೋರಿಸಿದೆ. ಅವರಿಗೆ ಗೆರೆ ಬೇಕಿರಲಿಲ್ಲ. "ಹಾಡು ಹಾಕು" ಅಂದರು.

ಈಗ ಇಲ್ಲೂ ಹಾಕುತ್ತೇನೆ. ಹೊಸ ಸೂಜಿ ಕೂರಿಸಿದ್ದೇನೆ, ಕೀಲಿ ತುಂಬಿದೆ. ಯಾರಾದರೂ ಆ ಫ್ಯಾನುಗಳನ್ನು ಸ್ವಲ್ಪ ಆರಿಸಿ.